ಅನಸೂಯಾಬಾಯಿ ಟೈಪು ಮಾಡದೆ ಬಿಟ್ಟ ಸಾಲು

ಅನಸೂಯಾಗೆ ಟೈಪಿಂಗ್ ಕಲಿಯುವ ಆಸೆಯೇನೂ ಇರಲಿಲ್ಲ. ಕಲಬುರ್ಗಿ ಕಡೆಯ ಶಹಾಬಾದಿನಲ್ಲಿ ಹುಟ್ಟಿ, ಮೆಟ್ರಿಕ್ ಮುಗಿಸಿ, ಹತ್ತೊಂಬತ್ತಕ್ಕೆ ಲಗ್ನವಾಗಿ ಡೊಂಬಿವಲಿಗೆ ಬಂದವಳು ಅವಳು. ಗಂಡ ಶಶಿಕಾಂತ ಠಾಣಾದ ಪೊಲೀಸ್ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ. 1984ರಲ್ಲಿ ಒಂದು ಬೆಳಿಗ್ಗೆ ಗರ್ದಿಯ ಲೋಕಲ್ ರೈಲಿನ ಬಾಗಿಲಿನಿಂದ ಜಾರಿ ಬಿದ್ದು ತೀರಿಹೋದ.

ಸುದ್ದಿ ಹೇಳಲು ಬಂದ ಪೇದೆ ಒಳ್ಳೆಯ ಮನುಷ್ಯ. ಒಳ್ಳೆಯವನಾದ್ದರಿಂದಲೇ ಹೇಳಲಾರದೆ ಹೋದ. ಕುರ್ಚಿಯ ತುದಿಯಲ್ಲಿ ಕೂತು ನೀರು ಕೇಳಿದ. ಮಗುವಿನ ಹೆಸರು ಕೇಳಿದ, ಪೂನಂ ಅಂದಾಗ ಚಂದದ ಹೆಸರು ಅಂದ. ಊರಿನಲ್ಲಿ ಯಾರ್‍ಯಾರು ಇದ್ದಾರೆ ಎಂದು ಕೇಳಿದ. ಹೀಗೆ ಒಂದು ತಾಸು ಕಳೆಯಿತು. ಆ ಒಂದು ತಾಸು ಅವಳು ಅವನಿಗೆ ಚಹಾ ಮಾಡಿಕೊಟ್ಟಳು, ಅವಲಕ್ಕಿ ಹಚ್ಚಿಕೊಟ್ಟಳು. ಮುಂದೆ ಎಷ್ಟೋ ವರ್ಷಗಳವರೆಗೆ ಅವಳನ್ನು ಸುಟ್ಟದ್ದು ಗಂಡನ ಸಾವಿಗಿಂತ ಆ ಅವಲಕ್ಕಿ. ಗೊತ್ತಿಲ್ಲದೆ ಒಗ್ಗರಣೆ ಹಾಕುತ್ತ ನಿಂತಿದ್ದೆನಲ್ಲ ಎಂಬ ಮಾತು.

ಕಚೇರಿಯವರು ಅನುಕಂಪದ ಮೇಲೆ ನೌಕರಿ ಕೊಡುತ್ತೇವೆ, ಆದರೆ ಟೈಪಿಂಗ್ ಪರೀಕ್ಷೆ ಪಾಸಾಗಬೇಕು ಅಂದರು. ಎರಡು ವರ್ಷದ ಕೂಸನ್ನು ನೆರೆಮನೆಯ ವಿನೋದಾಬಾಯಿಯ ಮಡಿಲಿಗೆ ಹಾಕಿ ಡೊಂಬಿವಲಿ ಸ್ಟೇಶನ್ನಿನ ಹತ್ತಿರದ ಟೈಪಿಂಗ್ ಕ್ಲಾಸಿಗೆ ಸೇರಿದಳು. ಮೊದಲು ಮರಾಠಿ ಟೈಪಿಂಗ್, ಆಮೇಲೆ ಇಂಗ್ಲಿಷು. ಎಂಟು ತಿಂಗಳಲ್ಲಿ ಎರಡೂ ಪಾಸಾದಳು. ಗಂಡ ಕೂಡುತ್ತಿದ್ದ ಹಾಲಿನಲ್ಲೇ, ಕಿಟಕಿಯ ಪಕ್ಕದ ಇನ್ನೊಂದು ಮೇಜು ಅವಳದಾಯಿತು. ಕಚೇರಿಯಲ್ಲಿ ಎಲ್ಲರಿಗೂ ಅವಳು ಅನಸೂಯಾಬಾಯಿ.

ಮೊದಲ ಎಂಟು ವರ್ಷ ಅವಳು ಟೈಪು ಮಾಡಿದ್ದು ಹೆಚ್ಚಾಗಿ ರಜೆ ಅರ್ಜಿ, ಬದಲಿ ಆದೇಶ, ಪಾಸ್‌ಪೋರ್ಟ್ ತನಿಖೆಯ ವರದಿ. 1993ರ ಮಾರ್ಚ್ ತಿಂಗಳ ಬಾಂಬ್ ಸ್ಫೋಟಗಳ ಮೇಲೆ ಕಾಗದಗಳ ಚಹರೆಯೇ ಬದಲಾಯಿತು. ಬೇರೆ ರಾಜ್ಯಗಳಿಂದ, ದಿಲ್ಲಿಯಿಂದ, ದಿಲ್ಲಿಯ ಮೂಲಕ ಬೇರೆ ದೇಶಗಳಿಂದ ಹೆಸರುಗಳು ಬರತೊಡಗಿದವು. ಇಂಥವನು ನಿಮ್ಮ ಕಡೆಯವನೋ? ಇಂಥ ವಿಳಾಸ ಉಂಟೋ? ಇಂಥ ದಿನ ಆತ ಎಲ್ಲಿದ್ದ? ಆ ಸಂದೇಶಗಳಿಗೆ ಉತ್ತರ ಬರೆಸುವ ಕೆಲಸ ಇನ್ಸ್‌ಪೆಕ್ಟರ್ ದಳವಿಯವರದು, ಟೈಪು ಮಾಡುವ ಕೆಲಸ ಅನಸೂಯಾಳದು. ದಳವಿ ಸಾಹೇಬರು ರತ್ನಾಗಿರಿಯವರು. ಕಡಿಮೆ ಮಾತಿನ, ಹೊಟ್ಟೆಯಲ್ಲಿ ಹುಣ್ಣಿರುವ, ಮಧ್ಯಾಹ್ನ ಮೊಸರನ್ನ ಮಾತ್ರ ಉಣ್ಣುವ ಮನುಷ್ಯ. ಅವಳ ಟೈಪಿಂಗಿನಲ್ಲಿ ತಪ್ಪು ಹುಡುಕುವುದನ್ನು ಅವರು ಬಿಟ್ಟು ನಾಲ್ಕು ವರ್ಷವಾಗಿತ್ತು.

1995ರ ನವೆಂಬರ್ ಮೊದಲ ವಾರ ಹಾಗೆ ಬಂದ ಒಂದು ಸಂದೇಶದಲ್ಲಿದ್ದ ಹೆಸರು ಹುಲಗಪ್ಪ ಭೀಮಶಪ್ಪ.

ಕೊಲ್ಲಿಯ ಒಂದು ಸಣ್ಣ ದೇಶದಲ್ಲಿ, ಅಕ್ಟೋಬರ್ 20ರಂದು, ಮುಂಬಯಿ ವಿಮಾನ ಹತ್ತಲು ಬಂದಿದ್ದ ಈ ಹೆಸರಿನ ಮನುಷ್ಯನನ್ನು ಅಲ್ಲಿಯ ಪೊಲೀಸರು ತಡೆದಿದ್ದರು. ಸ್ಫೋಟಕ ಸಾಗಿಸಿದ ಪ್ರಕರಣವೊಂದರಲ್ಲಿ ಹಿಂದುಸ್ತಾನದಿಂದ ತಲೆಮರೆಸಿಕೊಂಡವರ ಯಾದಿ ಅವರ ಹತ್ತಿರವಿತ್ತು. ಯಾದಿಯಲ್ಲಿ ಈ ಹೆಸರಿತ್ತು, ತಂದೆಯ ಹೆಸರೂ ಇತ್ತು, ಹುಟ್ಟಿದ ತಾರೀಖೂ ಕೂಡುತ್ತಿತ್ತು. ಆದರೆ ಅವರು ಹಿಡಿದವನು ತಾನು ಕಟ್ಟಡ ಕೆಲಸದವನೆಂದೂ, ದೀಪಾವಳಿಗೆ ಮನೆಗೆ ಹೊರಟಿದ್ದೆನೆಂದೂ ಒಂದೇ ಸಮ ಹೇಳುತ್ತಿದ್ದ. ಪಾಸ್‌ಪೋರ್ಟಿನ ವಿಳಾಸ ಕಳವಾ, ಪಾಟೀಲ ಚಾಳ, ಖೋಲಿ ನಂಬರ್ ಆರು. ನಿಜವೋ ಸುಳ್ಳೋ ತಿಳಿಸಿರಿ ಎಂದು ಅವರು ದಿಲ್ಲಿಯನ್ನು ಕೇಳಿದ್ದರು, ದಿಲ್ಲಿ ಠಾಣಾವನ್ನು ಕೇಳಿತ್ತು.

ಹೆಸರು ಓದಿದ ಕೂಡಲೇ ಅನಸೂಯಾಳ ಕಣ್ಣು ಅಲ್ಲೇ ನಿಂತಿತು. ಹುಲಗಪ್ಪ. ಅವಳ ತವರಿನ ಓಣಿಯಲ್ಲೇ ಆ ಹೆಸರಿನವರು ಇಬ್ಬರಿದ್ದರು. ಠಾಣಾದ ಕಾಗದಗಳಲ್ಲಿ ಹನ್ನೊಂದು ವರ್ಷದಲ್ಲಿ ಈ ಹೆಸರು ಅವಳಿಗೆ ಸಿಕ್ಕಿದ್ದು ಇದೇ ಮೊದಲು.

ಹವಾಲ್ದಾರರೊಬ್ಬರು ಕಳವಾಕ್ಕೆ ಹೋಗಿ ಮರುದಿನ ಬಂದು ವರದಿ ಕೊಟ್ಟರು. ಪಾಟೀಲ ಚಾಳ ಎಂಬುದು ಈಗ ಇಲ್ಲ, ಕೆಡವಿ ಬಿಲ್ಡಿಂಗು ಎಬ್ಬಿಸುತ್ತಿದ್ದಾರೆ. ಸುತ್ತಮುತ್ತ ವಿಚಾರಿಸಿದರೆ ಯಾರಿಗೂ ಇಂಥ ಮನುಷ್ಯ ಗೊತ್ತಿಲ್ಲ. ದಳವಿ ಸಾಹೇಬರು ಅದರ ಮೇಲೆ ಎರಡು ಸಾಲು ಬರೆದು ಟೈಪಿಗೆ ಕಳಿಸಿದರು: ಕೊಟ್ಟ ವಿಳಾಸ ಅಸ್ತಿತ್ವದಲ್ಲಿಲ್ಲ, ಸದರಿ ವ್ಯಕ್ತಿ ಪತ್ತೆಯಾಗಿಲ್ಲ.

ಅನಸೂಯಾ ಕಾಗದ, ಕಾರ್ಬನ್ನು, ಮತ್ತೆ ಕಾಗದ ಜೋಡಿಸಿ ಮಶೀನಿಗೆ ಏರಿಸಿದಳು. ತಾರೀಖು ಹೊಡೆದಳು, ಉಲ್ಲೇಖದ ನಂಬರು ಹೊಡೆದಳು. ಮೊದಲ ಸಾಲು ಹೊಡೆದಳು. ಎರಡನೆಯದಕ್ಕೆ ಬಂದಾಗ ಕೈ ನಿಂತಿತು. ಈ ಒಂದು ಸಾಲು ಸಮುದ್ರ ದಾಟಿ ಅಲ್ಲಿ ಯಾರದೋ ಮೇಜಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ಬಹಳ ಓದು ಬೇಕಿರಲಿಲ್ಲ. ವಿಳಾಸ ಸುಳ್ಳು, ಆದ್ದರಿಂದ ಮನುಷ್ಯ ಸುಳ್ಳು, ಆದ್ದರಿಂದ ಅವನೇ ಇವನು.

ಎದ್ದು ಸಾಹೇಬರ ಕೋಣೆಗೆ ಹೋದಳು.

"ಸಾಹೇಬ್, ಇದನ್ನು ನಾಳೆ ಕಳಿಸಿದರೆ ನಡೆಯುತ್ತದೆಯೇ?" ಎಂದು ಮರಾಠಿಯಲ್ಲಿ ಕೇಳಿದಳು.

"ಯಾಕೆ, ಮಶೀನು ಕೆಟ್ಟಿತೇ?"

"ಇಲ್ಲ. ಈ ಹೆಸರು ನಮ್ಮ ಕಡೆಯದು. ಖಾಕಿ ನೋಡಿದರೆ ನಮ್ಮ ಜನ ತಮ್ಮ ಹೆಸರೇ ಗೊತ್ತಿಲ್ಲ ಅಂತಾರೆ. ನಾನು ಒಮ್ಮೆ ಕೇಳಿ ನೋಡುತ್ತೇನೆ."

ದಳವಿ ಪೆನ್ನಿನ ಟೊಪ್ಪಿಗೆ ಮುಚ್ಚಿದರು. "ಬಾಯಿ, ನಿಮ್ಮ ಕೆಲಸ ಟೈಪಿಂಗು."

"ಹೌದು ಸಾಹೇಬ್."

"ಇದು ಗುಪ್ತ ಕಾಗದ. ಅದರಲ್ಲಿ ಏನಿದೆ ಎಂದು ಯಾರಿಗೂ ಹೇಳುವಂತಿಲ್ಲ. ಅವನ ಮನೆಯವರಿಗೂ." ಎದುರಿನ ಫೈಲನ್ನು ಪಕ್ಕಕ್ಕೆ ಸರಿಸಿ, "ನಾಳೆ ಹನ್ನೊಂದಕ್ಕೆ ನಾನು ಸಹಿ ಮಾಡುತ್ತೇನೆ" ಅಂದರು.

ಆ ಸಂಜೆ ಅವಳು ಎಂದಿನ ಫಾಸ್ಟ್ ಗಾಡಿ ಬಿಟ್ಟು ಎಲ್ಲ ಸ್ಟೇಶನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಹತ್ತಿದಳು. ಠಾಣಾದ ಮುಂದಿನ ಸ್ಟೇಶನ್ನೇ ಕಳವಾ. ಸಮುದ್ರ ಒಳನುಗ್ಗಿದ ಖಾಡಿಯ ಸೇತುವೆ ದಾಟಿದರೆ ಬಂತು. ಹನ್ನೊಂದು ವರ್ಷ ದಿನಕ್ಕೆ ಎರಡು ಸಲ ಅದನ್ನು ಹಾದು ಹೋಗಿದ್ದಳೇ ಹೊರತು ಒಂದು ದಿನವೂ ಇಳಿದಿರಲಿಲ್ಲ.

ಇಳಿದವಳಿಗೆ ಯಾರನ್ನು ಕೇಳುವುದು ಎಂಬ ಗೊಂದಲವಿರಲಿಲ್ಲ. ಗಾಡಿಯಲ್ಲೇ ಯೋಚಿಸಿಕೊಂಡು ಬಂದಿದ್ದಳು. ಕಲಬುರ್ಗಿ, ರಾಯಚೂರು ಕಡೆಯವರು ಎಲ್ಲಿದ್ದರೂ ರೊಟ್ಟಿ ಬಿಡುವವರಲ್ಲ. ರೊಟ್ಟಿಗೆ ಜೋಳದ ಹಿಟ್ಟು ಬೇಕು. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ನಮ್ಮ ಹೆಂಗಸರು ಒಪ್ಪುವುದಿಲ್ಲ. ಜೋಳಕ್ಕೆ ಬೇರೆ ಕಲ್ಲಿಟ್ಟ ಗಿರಣಿ ಎಲ್ಲಿ ಎಂದು ಮೂರು ಕಡೆ ಕೇಳಿದಳು. ಮೂರನೆಯವರು ರೈಲ್ವೆ ಕಾರ್‌ಶೆಡ್ಡಿನ ಗೋಡೆಗುಂಟ ಹೋಗುವ ಗಲ್ಲಿಯನ್ನು ತೋರಿಸಿದರು.

ಗಿರಣಿಯ ಮಾಲಕ ಬಸಲಿಂಗಪ್ಪ ವಿಜಾಪುರದವರು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತ ಅರುವತ್ತರ ಮುದುಕ. ಅನಸೂಯಾ ಕನ್ನಡದಲ್ಲಿ ಮಾತು ತೆಗೆದದ್ದೇ ಪಟ್ಟಾ ಬಿಚ್ಚಿ ಗಿರಣಿ ನಿಲ್ಲಿಸಿದರು.

"ಹುಲಗಪ್ಪ? ಬೆರಳು ಹೋದಾಂವ ಏನ್ರಿ? ಶಹಾಪುರ ಕಡ್ಯಾಂವ?"

"ಬೆರಳಿಂದು ನನಗ ಗೊತ್ತಿಲ್ರಿ. ಪರದೇಶಕ್ಕ ಹೋದಾಂವ."

"ಅವನೇ. ಅವನ ಹೇಣ್ತಿ ಮರಗಮ್ಮ ಶೆಡ್ಡಿನ ಹಿಂದಿನ ಝೋಪಡಿಯೊಳಗ ಅದಾಳ. ಚಾಳ ಕೆಡವಿದ ಮ್ಯಾಲ ಅಲ್ಲಿಗಿ ಹ್ವಾದ್ರು." ಆಮೇಲೆ ದನಿ ತಗ್ಗಿಸಿ, "ನಿನ್ನಿ ಪೊಲೀಸ ಬಂದಿದ್ದ್ರಿ. ನಾನೂ ಗೊತ್ತಿಲ್ಲ ಅಂದೆ" ಅಂದರು. ತಪ್ಪು ಮಾಡಿದೆನೇನೋ ಎಂಬಂತೆ ಅವಳ ಮುಖ ನೋಡಿದರು.

ಮರಗಮ್ಮ ಆಗಷ್ಟೇ ಗಾರೆ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಮೂವತ್ತರ ಒಳಗಿನ ಹೆಣ್ಣುಮಗಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಪರಿಚಿತ ಹೆಂಗಸಿನ ಇಸ್ತ್ರಿ ಸೀರೆ ನೋಡಿ ಎದ್ದು ನಿಂತಳು.

"ಯಾರ್ ಬೇಕಾಗಿತ್ರಿ?"

"ಹುಲಗಪ್ಪನ ಮನಿ ಇದೇ ಏನವ್ವಾ? ನಾನು ಅನಸೂಯಾ. ಶಹಾಬಾದ ನಮ್ಮೂರು. ಠಾಣಾದಾಗ ಪೊಲೀಸ್ ಕಚೇರಿಯೊಳಗ ಕಾಗದ ಬರೀತೀನಿ."

ಪೊಲೀಸ್ ಎಂಬ ಮಾತು ಕೇಳಿ ಮರಗಮ್ಮ ಗೋಡೆ ಹಿಡಿದು ಕೂತಳು. ಗಂಡ ದೀಪಾವಳಿಗೆ ಬರುತ್ತೇನೆಂದು ಗಿರಣಿಯ ಫೋನಿಗೆ ಹೇಳಿದ್ದ. ಅವಳು ಬಸಲಿಂಗಪ್ಪನವರನ್ನು ಕರೆದುಕೊಂಡು ಸಹಾರ ವಿಮಾನ ನಿಲ್ದಾಣಕ್ಕೆ ಹೋಗಿ, ಬಂದವರನ್ನೆಲ್ಲ ನೋಡಿ, ನಡುಮಧ್ಯಾಹ್ನದವರೆಗೆ ನಿಂತು ತಿರುಗಿ ಬಂದಿದ್ದಳು. ಅದಾಗಿ ಹದಿನೆಂಟು ದಿನ. ಕಳಿಸಿಕೊಟ್ಟ ಏಜೆಂಟ ನನಗೇನೂ ಗೊತ್ತಿಲ್ಲ ಅಂದಿದ್ದ. ಸತ್ತನೋ, ಅಲ್ಲೇ ಇನ್ನೊಂದು ಸಂಸಾರ ಹೂಡಿದನೋ ಎಂದು ಓಣಿಯ ಹೆಂಗಸರು ತಲೆಗೊಂದು ಮಾತಾಡುತ್ತಿದ್ದರು.

ಇದೆಲ್ಲ ಅನಸೂಯಾಗೆ ತಿಳಿದದ್ದು ಆಮೇಲೆ. ಆ ಕ್ಷಣ ಅವಳಿಗೆ ಕಂಡದ್ದು ಗೋಡೆ ಹಿಡಿದ ಕೈ ಮಾತ್ರ. ನೀರು ಕೇಳಿದರೆ ಈ ಹುಡುಗಿ ಎದ್ದು ನೀರು ಕೊಡುತ್ತಾಳೆ ಅನ್ನಿಸಿತು. ಊರು ಕೇಳಿದರೆ ಊರು ಹೇಳುತ್ತಾಳೆ. ಕಾಗದದಲ್ಲಿರುವುದನ್ನು ಹೇಳುವಂತಿರಲಿಲ್ಲ. ಅವಳು ಮರಗಮ್ಮನ ಎದುರು ನೆಲದ ಮೇಲೆ ಕೂತಳು.

"ನಿನ್ನ ಗಂಡ ಜೀವಂತ ಅದಾನ. ಆರಾಮ ಅದಾನ. ಇಷ್ಟು ಮೊದಲ ಕೇಳು."

ಮರಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಮತ್ಯಾಕ ಬರ್ಲಿಲ್ರಿ ಯಕ್ಕಾ?"

"ಅದನ್ನ ಈಗ ಹೇಳಾಂಗಿಲ್ಲ. ನಾಳಿ ನಮ್ಮ ಸಾಹೇಬ್ರೇ ಹೇಳ್ತಾರ. ನೀನು ನನಗೊಂದು ಹೇಳು. ಹುಲಗಪ್ಪನ ಪಾಸ್‌ಪೋರ್ಟ್ ಯಾವಾಗರೆ ಕಳದಿತ್ತೇನು?"

ಆ ಪ್ರಶ್ನೆಯನ್ನು ಅವಳು ಸುಮ್ಮನೆ ಕೇಳಿರಲಿಲ್ಲ. ಸಂದೇಶದ ಕೆಳಗೆ ಪಾಸ್‌ಪೋರ್ಟ್ ಕೊಟ್ಟ ವರ್ಷ 1993 ಎಂದಿತ್ತು. ದಿಲ್ಲಿಯ ಮೂಲ ಯಾದಿಯ ಪ್ರತಿ ಅವರ ಕಚೇರಿಯ ಫೈಲಿನಲ್ಲೂ ಇತ್ತು. ಅದರಲ್ಲಿ ಅದೇ ಹೆಸರಿನ ಎದುರು 1991ರ ಪಾಸ್‌ಪೋರ್ಟ್ ನಂಬರಿತ್ತು. ಸಮುದ್ರದಾಚೆ ಮುಟ್ಟುವುದರೊಳಗೆ, ನಡುವೆ ಎಲ್ಲೋ ಯಾರೋ ಯಾದಿಯನ್ನು ಮತ್ತೆ ಟೈಪು ಮಾಡಿದಾಗ, ನಂಬರಿನ ಕಾಲಮ್ಮು ಬಿಟ್ಟು ಹೋಗಿರಬೇಕು. ಪುಟದಲ್ಲಿ ಜಾಗ ಸಾಲದಿದ್ದರೆ ಬಲಗಡೆಯ ಕಾಲಮ್ಮು ಕಡಿಯುವ ಚಟ ಟೈಪಿಸ್ಟರಿಗೆ ಇರುತ್ತದೆ. ಅವಳೂ ಕಡಿದಿದ್ದಳು, ಬೇರೆ ಯಾದಿಗಳಲ್ಲಿ.

ಮರಗಮ್ಮ ತಗಡಿನ ಪೆಟ್ಟಿಗೆ ಎಳೆದು ತೆರೆದಳು. ಓದು ಬರಹ ಬಾರದವಳು, ಅದಕ್ಕೇ ಒಂದು ಕಾಗದವನ್ನೂ ಬಿಸಾಡಿರಲಿಲ್ಲ. ಯಾವುದು ಬೇಕಾದೀತೋ ಯಾರಿಗೆ ಗೊತ್ತು. ಪ್ಲಾಸ್ಟಿಕ್ ಚೀಲದಲ್ಲಿ ಲೈಟಿನ ಬಿಲ್ಲು, ಹಳೆಯ ರೇಶನ್ ಕಾರ್ಡು, ಗಂಡ ಕೊಲ್ಲಿಯಿಂದ ಮಾತು ತುಂಬಿ ಕಳಿಸಿದ ಏಳು ಕ್ಯಾಸೆಟ್ಟು. ಅವುಗಳ ನಡುವೆ ಪೊಲೀಸ್ ಚೌಕಿಯ ಒಂದು ಚೀಟಿ ಸಿಕ್ಕಿತು. 1991ರ ಡಿಸೆಂಬರಿನದು. ಪರದೇಶಕ್ಕೆ ಕಳಿಸುತ್ತೇನೆಂದ ಏಜೆಂಟನೊಬ್ಬ ಹನ್ನೆರಡು ಜನರ ಪಾಸ್‌ಪೋರ್ಟ್ ಇಸಕೊಂಡು ಓಡಿ ಹೋಗಿದ್ದಾನೆ ಎಂಬ ತಕರಾರು. ಹನ್ನೆರಡು ಹೆಸರಿನಲ್ಲಿ ಏಳನೆಯದು ಹುಲಗಪ್ಪ ಭೀಮಶಪ್ಪ, ಎದುರಿಗೆ ಪಾಸ್‌ಪೋರ್ಟ್ ನಂಬರು. ಅನಸೂಯಾ ಆ ನಂಬರನ್ನು ಫೈಲಿನಲ್ಲಿ ನೋಡಿದ್ದಳು. ಬಾಯಿಪಾಠವಿರಲಿಲ್ಲ, ಆದರೆ ಕೊನೆಯ ಮೂರು ಅಂಕಿ ಬೆರಳಿಗೆ ನೆನಪಿದ್ದವು.

"ಇದೇನು?" ಎಂದು ಪೆಟ್ಟಿಗೆಯ ತಳದಲ್ಲಿದ್ದ ದೊಡ್ಡ ಹಳದಿ ಲಕೋಟೆ ಎತ್ತಿದಳು.

"ಅವನ ಕೈ ಫೋಟೋ ರಿ. ದವಾಖಾನಿದು."

ಎಕ್ಸ್‌ರೇ. ಎಡಗೈ. ತೋರುಬೆರಳಿನ ಮೇಲಿನ ಎರಡು ಗೆಣ್ಣುಗಳು ಇರಬೇಕಾದಲ್ಲಿ ಏನೂ ಇರಲಿಲ್ಲ. ಬೇಲಾಪುರ ರಸ್ತೆಯ ಕಾರಖಾನೆಯಲ್ಲಿ ಡ್ರಮ್ಮು ಇಳಿಸುವಾಗ ಸಿಕ್ಕಿಬಿದ್ದದ್ದು ಎಂದು ಮರಗಮ್ಮ ಹೇಳಿದಳು. ಹನ್ನೆರಡು ದಿನ ದವಾಖಾನೆಯಲ್ಲಿದ್ದ, ಅವಳು ಹಾಸಿಗೆಯ ಕೆಳಗೆ ಮಲಗುತ್ತಿದ್ದಳು. ಲಕೋಟೆಯ ಮೇಲೆ ಹೆಸರು, ವಾರ್ಡು, ತಾರೀಖು: 9 ಏಪ್ರಿಲ್ 1993. ಒಳಗೆ ಮಡಚಿಟ್ಟ ಬಿಡುಗಡೆ ಚೀಟಿಯ ಮೇಲೆ 20 ಏಪ್ರಿಲ್.

ಅನಸೂಯಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

ಮನೆ ಮುಟ್ಟಿದಾಗ ಎಂಟು ಗಂಟೆ. ಹದಿಮೂರು ವರ್ಷದ ಪೂನಂ ಬಾಗಿಲಲ್ಲೇ ನಿಂತಿದ್ದಳು. "ಇತನಾ ಲೇಟ್ ಕ್ಯೂಂ, ಮಮ್ಮಿ?" ಎಂದು ಹಿಂದಿಯಲ್ಲಿ ಕೇಳಿ, ತಾಯಿಯ ಮುಖ ನೋಡಿ ಮತ್ತೇನೂ ಕೇಳದೆ ಅನ್ನ ಬಡಿಸಿದಳು.

ಮರುದಿನ ಹತ್ತೂವರೆಗೆ ಮರಗಮ್ಮ ಬಸಲಿಂಗಪ್ಪನವರ ಜೊತೆ ಕಚೇರಿಗೆ ಬಂದಳು. ದಳವಿ ಸಾಹೇಬರು ಚೀಟಿ ನೋಡಿದರು, ಲಕೋಟೆ ನೋಡಿದರು, ಎಕ್ಸ್‌ರೇಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನೋಡಿದರು. ಫೈಲು ತರಿಸಿದರು. ಕಳೆದು ಹೋದ ಆ ಪಾಸ್‌ಪೋರ್ಟ್ ತೋರಿಸಿ ಒಬ್ಬ ಮನುಷ್ಯ ನೆರೆದೇಶವೊಂದರ ವಿಮಾನ ನಿಲ್ದಾಣದಿಂದ ಹಾರಿ ಹೋದದ್ದು 1993ರ ಏಪ್ರಿಲ್ 11ರಂದು. ಅದೇ ದಿನ ಹುಲಗಪ್ಪ ಕೈಗೆ ಪಟ್ಟಿ ಕಟ್ಟಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದ.

"ಅವಳಿಗೆ ಹೇಳಿ," ಅಂದರು ದಳವಿ, "ಅವಳ ಗಂಡನ ಹೆಸರನ್ನು ಒಬ್ಬ ಕಳ್ಳ ಹಾಕಿಕೊಂಡು ತಿರುಗುತ್ತಿದ್ದಾನೆ. ಅವನೆಂದು ತಿಳಿದು ಇವನನ್ನು ಹಿಡಿದಿದ್ದಾರೆ. ಹಿಡಿದವರೂ ಕೆಟ್ಟವರಲ್ಲ. ನಾವು ಕೊಟ್ಟ ಹೆಸರನ್ನು ನಂಬಿ ಹಿಡಿದರು."

ಅನಸೂಯಾ ಕನ್ನಡದಲ್ಲಿ ಹೇಳಿದಳು. ಮರಗಮ್ಮ ಕೇಳಿ, "ಹೆಸರು ಕದ್ರೆ ಏನ್ ಸಿಗ್ತದ್ರಿ ಯಕ್ಕಾ, ಬಡವರ ಹೆಸರು?" ಅಂದಳು. ಸಾಹೇಬರು ಏನೆಂದಳು ಎಂದು ಕೇಳಿದರು. ಅನಸೂಯಾ ಮರಾಠಿಯಲ್ಲಿ ಹೇಳಿದ ಮೇಲೆ ಅವರು ತಲೆ ತಗ್ಗಿಸಿ ಫೈಲಿನ ಪುಟ ತಿರುವಿದರು.

ದಳವಿ ಸುಮ್ಮನೆ ಕಾಗದ ನಂಬಿ ಸಹಿ ಮಾಡುವವರಲ್ಲ. ಹವಾಲ್ದಾರರನ್ನು ದವಾಖಾನೆಗೆ ಓಡಿಸಿ ರಜಿಸ್ಟರಿನ ಪ್ರತಿ ತರಿಸಿದರು, ಚೌಕಿಯಿಂದ 1991ರ ತಕರಾರಿನ ಪ್ರತಿ ತರಿಸಿದರು. ಎರಡು ದಿನ ಹೋಯಿತು. ಮೂರನೆಯ ದಿನ ಉತ್ತರ ಬರೆಸಲು ಕೂತರು. ಅವರು ಹೇಳುತ್ತ ಹೋದರು, ಅನಸೂಯಾ ಇಂಗ್ಲಿಷಿನಲ್ಲಿ ಹೊಡೆಯುತ್ತ ಹೋದಳು. ಮೂಲ ಯಾದಿಯ ನಂಬರು ಹಳೆಯ ಪಾಸ್‌ಪೋರ್ಟಿನದು, ನಿಮ್ಮಲ್ಲಿರುವ ಯಾದಿಯಲ್ಲಿ ಅದು ಬಿಟ್ಟು ಹೋಗಿರಬಹುದು, ದಯವಿಟ್ಟು ಸೇರಿಸಿಕೊಳ್ಳಿರಿ. ಹಳೆಯದು 1991ರಲ್ಲೇ ಕಳುವಾಗಿದೆ. ಈತನ ಹೆಂಡತಿ ಪತ್ತೆಯಾಗಿದ್ದಾಳೆ, ಹೇಳಿಕೆ ಕೊಟ್ಟಿದ್ದಾಳೆ.

"ಸಾಹೇಬ್," ಎಂದು ಅನಸೂಯಾ ನಿಲ್ಲಿಸಿದಳು, "ಬೇಕಾದವನು ಹಿಂದೆ ಒಮ್ಮೆ ಸಿಕ್ಕಿಬಿದ್ದಾಗ ತೆಗೆದ ಬೆರಳಚ್ಚು ಫೈಲಿನಲ್ಲಿದೆ. ಹತ್ತೂ ಬೆರಳಿವೆ."

ದಳವಿ ಕನ್ನಡಕ ತೆಗೆದು ಅವಳನ್ನು ನೋಡಿದರು. ಮತ್ತೆ ಹಾಕಿಕೊಂಡು ಹೇಳಿದರು, "ಬರೆಯಿರಿ. ನೀವು ಹಿಡಿದವನ ಎಡಗೈ ನೋಡಿರಿ."

ಕಾಗದ ಹೋಯಿತು. ಅಲ್ಲಿಂದ ಕಾಯುವ ಕೆಲಸ ಶುರುವಾಯಿತು.

ಮರಗಮ್ಮನಿಗೆ ದಿನಾ ಕಚೇರಿಗೆ ಬಂದರೆ ಕೂಲಿ ತಪ್ಪುತ್ತಿತ್ತು. ಅನಸೂಯಾ ಒಂದು ಉಪಾಯ ಹೇಳಿದಳು. "ನಾನು ಆರು ಇಪ್ಪತ್ತರ ಸ್ಲೋ ಗಾಡಿಗೆ ಬರ್ತೀನಿ. ಹೆಂಗಸರ ಡಬ್ಬಿ ಎಲ್ಲಿ ನಿಲ್ತದ ಅಲ್ಲಿ ನಿಂದಿರು. ಸುದ್ದಿ ಬಂದ್ರ ಇಳೀತೀನಿ. ಇಲ್ಲಂದ್ರ ಕೈ ಮಾಡ್ತೀನಿ."

ಮರುದಿನದಿಂದ ಹಾಗೇ ನಡೆಯಿತು. ಗಾಡಿ ಕಳವಾದಲ್ಲಿ ನಿಲ್ಲುವುದು ಅರ್ಧ ನಿಮಿಷ. ಸಿಮೆಂಟಿನ ಕೈಕಾಲಿನ ಮರಗಮ್ಮ ಪ್ಲಾಟ್‌ಫಾರ್ಮಿನ ಕಂಬಕ್ಕೆ ಆತು ನಿಂತಿರುತ್ತಿದ್ದಳು. ಅನಸೂಯಾ ಕಿಟಕಿಯ ಸರಳುಗಳ ನಡುವೆ ಕೈ ಹೊರಗೆ ಮಾಡಿ, ಇನ್ನೂ ಇಲ್ಲ ಎಂದು ಬೆರಳು ಅಲ್ಲಾಡಿಸುತ್ತಿದ್ದಳು. ಮರಗಮ್ಮ ಗೋಣು ಹಾಕುತ್ತಿದ್ದಳು. ಗಾಡಿ ಮುಂದೆ ಹೋಗುತ್ತಿತ್ತು.

ನಾಲ್ಕೈದು ದಿನದ ಮೇಲೆ ಮರಗಮ್ಮ ಕಿಟಕಿಯೊಳಗೆ ಏನೋ ತುರುಕಿದಳು. ಬಟ್ಟೆಯಲ್ಲಿ ಸುತ್ತಿದ, ಒಣಗಿಸಿದ ಎರಡು ಕಟಕ ರೊಟ್ಟಿ, ಶೇಂಗಾ ಹಿಂಡಿ. ಮರುದಿನ ಅನಸೂಯಾ ಅದೇ ಬಟ್ಟೆಯಲ್ಲಿ ನಾಲ್ಕು ಬಾಳೆಹಣ್ಣು ಕಟ್ಟಿ ಕೊಟ್ಟಳು. ಡಬ್ಬಿಯ ಹೆಂಗಸರಿಗೆ ಇದು ಅಭ್ಯಾಸವಾಯಿತು. ಯಾರೂ ಏನು ಎತ್ತ ಕೇಳಲಿಲ್ಲ, ಆದರೆ ಕಳವಾ ಬರುವ ಮೊದಲು ಕಿಟಕಿ ಪಕ್ಕದಲ್ಲಿದ್ದವರು ತಾವಾಗಿ ಎದ್ದು ಅನಸೂಯಾಗೆ ಜಾಗ ಕೊಡತೊಡಗಿದರು. ಒಂದು ದಿನ ಅವಳಿಗೆ ಜ್ವರ. ಕಚೇರಿಗೆ ರಜೆ ಹಾಕಿದ್ದಳು. ಸಂಜೆ ಐದಾದ ಮೇಲೆ ಮಲಗಲಾರದೆ ಎದ್ದು, ಶಾಲು ಹೊದ್ದು, ಡೊಂಬಿವಲಿಯಿಂದ ಕಳವಾಕ್ಕೆ ಹೋಗಿ, ಇನ್ನೂ ಇಲ್ಲ ಎಂದು ಹೇಳಿ ತಿರುಗಿ ಬಂದಳು. ಪೂನಂ ಸಿಟ್ಟಾದಳು. ಅನಸೂಯಾ ಸಮಜಾಯಿಷಿ ಕೊಡಲಿಲ್ಲ. ಕಂಬಕ್ಕೆ ಆತು ನಿಂತವಳು ಗಾಡಿ ಮೇಲೆ ಗಾಡಿ ನೋಡುತ್ತ ನಿಂತಿರುತ್ತಾಳೆ ಎಂದು ಮಗಳಿಗೆ ಹೇಗೆ ಹೇಳುವುದು?

ಇಪ್ಪತ್ಮೂರನೆಯ ದಿನ, ಡಿಸೆಂಬರ್ ಆರಂಭದಲ್ಲಿ, ಮಧ್ಯಾಹ್ನ ಮೂರಕ್ಕೆ ದಿಲ್ಲಿಯಿಂದ ಸಂದೇಶ ಬಂತು. ಐದೇ ಸಾಲು. ಹಿಡಿದಿಟ್ಟ ವ್ಯಕ್ತಿಯ ಎಡಗೈ ಪರಿಶೀಲಿಸಲಾಗಿದೆ, ಬೆರಳಚ್ಚು ಕೂಡುವುದಿಲ್ಲ, ಬಿಡುಗಡೆ ಮಾಡಿ ಶುಕ್ರವಾರದ ವಿಮಾನಕ್ಕೆ ಹತ್ತಿಸಲಾಗುವುದು, ಸಹಕಾರಕ್ಕೆ ಕೃತಜ್ಞತೆ. ದಳವಿ ಸಾಹೇಬರು ತಾವೇ ಎದ್ದು ಬಂದು ಅದನ್ನು ಅವಳ ಮೇಜಿನ ಮೇಲಿಟ್ಟರು. "ಇವತ್ತು ಬೇಗ ಹೋಗಿ ಬಾಯಿ," ಅಂದರು.

ಅವಳು ಬೇಗ ಹೋಗಲಿಲ್ಲ. ಬೇಗ ಹೋದರೆ ಮರಗಮ್ಮ ಅಲ್ಲಿರುತ್ತಿರಲಿಲ್ಲ. ಆರು ಇಪ್ಪತ್ತರ ಗಾಡಿಗೇ ಹೋದಳು. ಕಳವಾದಲ್ಲಿ ಗಾಡಿ ನಿಲ್ಲುವ ಮೊದಲೇ ಬಾಗಿಲಿಗೆ ಬಂದಿದ್ದಳು. ಕಿಟಕಿಯತ್ತಲೇ ನೋಡುತ್ತಿದ್ದ ಮರಗಮ್ಮನಿಗೆ ಅವಳು ಇಳಿದದ್ದು ಕಾಣಲಿಲ್ಲ. ಖಾಲಿ ಕಿಟಕಿ ನೋಡಿ ಮುಖ ಬಾಡಿತು. ಹಿಂದಿನಿಂದ ಹೆಗಲ ಮೇಲೆ ಕೈ ಬಿದ್ದಾಗ ತಿರುಗಿದಳು. ಗಾಡಿ ಹೊರಟಾಗ ಡಬ್ಬಿಯ ಹೆಂಗಸರು ಕಿಟಕಿ, ಬಾಗಿಲುಗಳಿಂದ ತಿರುತಿರುಗಿ ನೋಡುತ್ತಿದ್ದರು.

ಜನವರಿಯಲ್ಲಿ, ಸಂಕ್ರಾಂತಿಯ ಮರುದಿನ, ಗಂಡ ಹೆಂಡತಿ ಡೊಂಬಿವಲಿಯ ಮನೆಗೆ ಬಂದರು. ಹುಲಗಪ್ಪ ಎತ್ತರದ, ನಾಚಿಕೆಯ ಮನುಷ್ಯ. ಕುರ್ಚಿ ಕೊಟ್ಟರೂ ಚಾಪೆಯ ಮೇಲೆ ಕೂತ. ಎಡಗೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದ. ಮರಗಮ್ಮ ಮಾತಾಡು ಮಾತಾಡು ಎಂದು ಮೊಣಕೈಯಿಂದ ತಿವಿದ ಮೇಲೆ ನಿಧಾನಕ್ಕೆ ಹೇಳಿದ.

ಹೊಡೆಯಲಿಲ್ಲವಂತೆ. ಆದರೆ ಅಪ್ಪನ ಹೆಸರು ಕೇಳುತ್ತಿದ್ದರು. ದಿನಾ ಬೇರೆ ಬೇರೆಯವರು ಬಂದು ಅದೇ ಹೆಸರು ಕೇಳುತ್ತಿದ್ದರು, ಬರೆದುಕೊಳ್ಳುತ್ತಿದ್ದರು. "ಅವರ ಬಾಯಾಗ 'ಪ' ಬರಾಂಗಿಲ್ರಿ ಯಕ್ಕಾ. ಹುಲಗಬ್ಬ, ಭೀಮಶಬ್ಬ ಅಂತಿದ್ರು. ಮೊದಮೊದಲು ನಾನು ತಿದ್ದತಿದ್ದೆ. ತಿದ್ದಿದ್ರ ಮಾತು ಬದಲಸ್ಲತ್ತಾನ ಅಂತ ಬರಕೊಂತಿದ್ರು. ಆಮ್ಯಾಲ ಅವರು ಅಂದಂಗೇ ಹೂಂ ಅಂದೆ. ಕಡೀಕ ನನಗೇ ಸಂಶಯ ಬಂತ್ರಿ, ನನ್ನ ಹೆಸರು ಯಾವುದು ಅಂತ."

ಒಂದು ದಿನ ಒಬ್ಬ ಹಿರಿಯ ಅಧಿಕಾರಿ ಬಂದ. ಕೈಯಲ್ಲಿ ಒಂದು ಕಾಗದವಿತ್ತು. ಏನೂ ಕೇಳದೆ ಹುಲಗಪ್ಪನ ಎಡಗೈ ಹಿಡಿದು ಅಂಗಿಯ ತೋಳು ಮೇಲೆ ಸರಿಸಿದ. ಮೊಂಡು ಬೆರಳನ್ನು ತನ್ನ ಬೆರಳಿಂದ ಮುಟ್ಟಿ ನೋಡಿದ. ಕಾಗದ ಓದಿದ, ಮತ್ತೆ ಮುಟ್ಟಿದ. ಆಮೇಲೆ ಏನೋ ಅಂದ. ಭಾಷೆ ತಿಳಿಯಲಿಲ್ಲ, ದನಿ ತಿಳಿಯಿತು. ಹೊರಗೆ ಕರೆದುಕೊಂಡು ಹೋಗಿ ಬಿಸಿಲಿನಲ್ಲಿ ಒಂದು ಬಾಕಿನ ಮೇಲೆ ಕೂಡಿಸಿ, ಗಾಜಿನ ಲೋಟದಲ್ಲಿ ಕರಿ ಚಹಾ ತರಿಸಿ ಕೊಟ್ಟು, ತಾನೂ ಪಕ್ಕದಲ್ಲಿ ಕೂತು ಕುಡಿದ.

"ಅವತ್ತು ನಿಮ್ಮ ಕಾಗದ ಮುಟ್ಟಿರಬೇಕ್ರಿ," ಅಂದ ಹುಲಗಪ್ಪ. ಹೇಳುತ್ತ ಹೇಳುತ್ತ ಕೈ ತೋಳಿನಿಂದ ಹೊರಗೆ ಬಂದದ್ದು ಅವನಿಗೆ ತಿಳಿಯಲಿಲ್ಲ.

ಎಳ್ಳು ಬೆಲ್ಲ ಹಂಚಿಕೊಂಡು ತಿಂದ ಮೇಲೆ ಅವನು ಬಹಳ ಹೊತ್ತಿನಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದ. "ಯಾದಿಯೊಳಗಿಂದು ನನ್ನ ಹೆಸರು ತೆಗದಾರೇನ್ರಿ?"

ಅನಸೂಯಾ ಸುಳ್ಳು ಹೇಳಬಹುದಿತ್ತು. "ಇಲ್ಲಪ್ಪ," ಅಂದಳು. "ಕಳ್ಳ ಸಿಗೋತನ ತೆಗಿಯಾಂಗಿಲ್ಲ. ಅವ ಅದೇ ಹೆಸರಿನ ಮ್ಯಾಲ ತಿರಗ್ತಾನಲ್ಲ, ಅದಕ್ಕ. ಆದರ ಈಗ ಎದುರಿಗಿ ನಂಬರ್ ಅದ. ಕೆಳಗೊಂದು ಮಾತೂ ಅದ: ಇದೇ ಹೆಸರಿನ ಇನ್ನೊಬ್ಬ ಅದಾನ, ಎಡಗೈ ಬೆರಳು ಇಲ್ಲ, ಅವ ಇವನಲ್ಲ."

"ಅವ ಇವನಲ್ಲ," ಎಂದು ಮರಗಮ್ಮ ಮೆಲ್ಲಗೆ ಹೇಳಿಕೊಂಡಳು. "ಅದನ್ನ ಯಾರ್ ಬರದ್ರಿ ಯಕ್ಕಾ?"

"ಸಾಹೇಬ್ರು ಹೇಳಿದ್ರು. ನಾನು ಹೊಡದೆ."

ಹುಲಗಪ್ಪ ಆ ವರ್ಷ ಎಲ್ಲೂ ಹೋಗಲಿಲ್ಲ. ಐರೋಲಿಯ ಕಡೆ ಹೊಸ ಬಿಲ್ಡಿಂಗುಗಳ ಕೆಲಸಕ್ಕೆ ಸೇರಿದ. ಇತ್ತ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಅನಸೂಯಾ ಫೈಲಿಗೆ ಹಾಕಲು ಒಂದು ಸಂದೇಶದ ಪ್ರತಿ ಹೊಡೆದಳು. ಬೇರೊಂದು ದೇಶದ ವಿಮಾನ ನಿಲ್ದಾಣದಲ್ಲಿ, 1991ರ ಆ ನಂಬರಿನ ಪಾಸ್‌ಪೋರ್ಟ್ ತೋರಿಸಿದ ಮನುಷ್ಯನೊಬ್ಬ ಸಿಕ್ಕಿಬಿದ್ದಿದ್ದ. ಬೆರಳಚ್ಚು ಕೂಡಿತ್ತು. ನಂಬರು ಅಲ್ಲಿಗೆ ಮುಟ್ಟಿದ್ದು ಠಾಣಾದ ಉತ್ತರ ಹೋದ ಮೇಲೆ, ಯಾದಿ ತಿದ್ದಿದಾಗ. ಹೊಡೆದು ಮುಗಿಸಿ ಅವಳು ಎರಡು ಸಲ ಓದಿದಳು. ಈ ಸಲ ಕೇಳದೆ ಹೇಳಬಾರದೆಂದು ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತಳು. ದಳವಿ ತಲೆ ಎತ್ತದೆಯೇ, "ಯಾದಿಯಿಂದ ಹೆಸರು ತೆಗೆದರು ಎಂದಷ್ಟು ಹೇಳಬಹುದು. ಅದು ಅವನ ಹೆಸರು, ಅವನಿಗೆ ಗೊತ್ತಿರಬೇಕು" ಅಂದರು.

ಮುಂದಿನ ವರ್ಷ ಹುಲಗಪ್ಪ ಮತ್ತೆ ಕೊಲ್ಲಿಗೆ ಹೊರಟ. ಮರಗಮ್ಮ ಬೇಡವೆಂದಳು, ಅತ್ತಳು, ಕೊನೆಗೆ ಅವಳೇ ಪೆಟ್ಟಿಗೆ ಕಟ್ಟಿದಳು. ಅವನು ಇಳಿದ ದಿನ ಮಧ್ಯಾಹ್ನ ಕಚೇರಿಯ ಫೋನು ಬಾರಿಸಿತು. ದಳವಿ ಎತ್ತಿ, ಎರಡು ಕ್ಷಣ ಕೇಳಿ, ತಿಳಿಯದ ಭಾಷೆ ಎಂದು ಅನಸೂಯಾಳ ಕೈಗೆ ಕೊಟ್ಟರು.

"ಯಕ್ಕಾ, ನಾನ್ರಿ. ಹೊರಗ ಬಂದೆ."

"ತಡದ್ರೇನು?"

"ಒಬ್ಬ ನನ್ನ ಪಾಸ್‌ಪೋರ್ಟ್ ಪುಸ್ತಕ ತಗೊಂಡು ಒಳಗ ಹ್ವಾದ. ನನ್ನ ಎದಿ ನಿಂತಿತ್ರಿ. ಬಂದು ಠಸ್ಸೆ ಹೊಡದು ಕೊಟ್ಟ. ಏನೂ ಕೇಳಲಿಲ್ಲ."

"ಅಪ್ಪನ ಹೆಸರೂ?"

"ಅದೂ ಕೇಳಲಿಲ್ರಿ." ಫೋನಿನಲ್ಲಿ ಸಮುದ್ರದಾಚೆಯ ಗಾಳಿಯ ಸದ್ದು. "ಮರಗಮ್ಮಗ ಹೇಳ್ತೀರೇನ್ರಿ? ಗಿರಣಿ ಫೋನ್ ಎತ್ತವಲ್ರು."

"ಹೇಳ್ತೀನಿ. ಏನರೆ ಉಂಡಿಯೇನು ನೀನು?"

ಇನ್ನೂ ಇಲ್ಲ, ಈಗ ಉಣ್ಣುತ್ತೇನೆ ಅಂದ. ಅನಸೂಯಾ ಫೋನಿಟ್ಟು, ಗಡಿಯಾರ ನೋಡಿ, ಪರ್ಸು ತೆಗೆದುಕೊಂಡಳು. ಅರ್ಧ ದಿನದ ರಜೆ ಬೇಕೆಂದು ಬಾಯಿ ತೆರೆಯುವ ಮೊದಲೇ ದಳವಿ ಸಾಹೇಬರು ಮೊಸರನ್ನದ ಡಬ್ಬಿಯಿಂದ ತಲೆ ಎತ್ತದೆ, ಹೋಗಿ ಬನ್ನಿ ಎಂದು ಕೈ ಮಾಡಿದರು.